ಕಾಣಿಕೆಗೆ ಮುಂಚಿನ ಪ್ರಯಾಣ

ಕಳೆದ ಸುಗ್ಗಿಯ ಹಬ್ಬದ ಹಿಂದಿನ ದಿನ, ತುಮಕೂರಿನ ನಮ್ಮ ಮನೆಯಲ್ಲಿ, ದೇವಾಲಯಕ್ಕೆ ಒಪ್ಪಿಸಲೆಂದು ಹಿತ್ತಲಿನ ಹನ್ನೆರಡು ತೆಂಗಿನಕಾಯಿಗಳನ್ನು ಬುಟ್ಟಿಗೆ ತುಂಬಿಟ್ಟಿದ್ದೆವು. ಬೆಳೆದುದರಲ್ಲಿ ಒಂದು ಪಾಲನ್ನು ದೇವರ ಮುಂದಿಟ್ಟು, ಆರಾಧನೆಯ ತರುವಾಯ ಹರಾಜು ಹಾಕುವುದು ನಮ್ಮ ಸಭೆಯ ರೂಢಿ. ಆ ರಾತ್ರಿ ಮನೆಯ ಪ್ರಾರ್ಥನೆಯಲ್ಲಿ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯ ಬಂದಿತು. ಸಹೋದರನೊಬ್ಬನಿಗೆ ನಮ್ಮಿಂದ ಅನ್ಯಾಯವಾಗಿದ್ದರೆ ಮೊದಲು ಅವನೊಡನೆ ಸಮಾಧಾನವಾಗಬೇಕು, ಕಾಣಿಕೆ ಆಮೇಲೆ ಎಂಬುದು ಅಲ್ಲಿಯ ಉಪದೇಶ. ಇದನ್ನು ಇತರರಿಗೆ ಎಷ್ಟೋ ಸಲ ವಿವರಿಸಿದ್ದೆವು. ಅಂದು ಮಾತ್ರ ನಮ್ಮ ನಾಲಗೆ ತಡವರಿಸಿತು.

ಮೂವತ್ತು ವರ್ಷಗಳ ಹಿಂದೆ ಗುಬ್ಬಿಯ ಕಡೆಯ ಒಂದು ಶಾಲೆಯಲ್ಲಿ ನಾವು ಉಪಾಧ್ಯಾಯರಾಗಿದ್ದಾಗ ಪರೀಕ್ಷೆಯ ಶುಲ್ಕದ ಹಣ ಕಾಣೆಯಾಯಿತು. ಒಬ್ಬ ಬಡ ಹುಡುಗನ ಮೇಲೆ ಸಂಶಯಪಟ್ಟು, ಎಲ್ಲರೆದುರಿಗೆ ಹೊಡೆದೆವು. ಅವನು ಶಾಲೆ ಬಿಟ್ಟನು. ಹತ್ತು ದಿನಗಳ ಮೇಲೆ ಆ ಹಣ ನಮ್ಮ ನಿಘಂಟಿನ ಹಾಳೆಗಳ ನಡುವೆಯೇ ದೊರೆಯಿತು. ಗುರುವಿನ ಗೌರವಕ್ಕೆ ಕುಂದಾದೀತೆಂದು ಬಾಯಿ ಬಿಡಲಿಲ್ಲ. ಆತ ನಮ್ಮ ಸಭೆಯವನಲ್ಲ. ಆದರೆ ಸಹೋದರ ಎಂಬ ಮಾತಿಗೆ ಸಭೆಯ ಎಲ್ಲೆಯಿಲ್ಲವಷ್ಟೆ.

ಅವನು ಈಗ ಕುಣಿಗಲಿನಲ್ಲಿ ಅಂಗಡಿ ಇಟ್ಟಿರುವನೆಂದು ಕೇಳಿದ್ದೆವು. ಬೆಳಗಾಗುತ್ತಲೆ ಬುಟ್ಟಿಯನ್ನು ಮನೆಯಲ್ಲಿಯೇ ಬಿಟ್ಟು ಬಸ್ಸು ಹತ್ತಿದೆವು. ಹೆಬ್ಬೂರನ್ನು ದಾಟುವಾಗ ವಿಶ್ವಾಸವೆಂಬ ಶಬ್ದ ನೆನಪಾಯಿತು. ಅದರ ಧಾತುವಿಗೆ ಉಸಿರಾಡುವುದೆಂದು ಅರ್ಥ. ಭಾನುವಾರ ಮಾತ್ರ ಉಸಿರಾಡಿ ಬದುಕುವವರುಂಟೆ?

ಜನಪದರ ಹಾಡಿನಲ್ಲಿ ಹೆಸರಾದ ದೊಡ್ಡ ಕೆರೆಯೂ, ಟಿಪ್ಪುವಿನ ಕಾಲದಿಂದ ಪ್ರಸಿದ್ಧವಾದ ಕುದುರೆ ಸಾಕಣೆಯೂ ಕುಣಿಗಲಿಗೆ ಕೀರ್ತಿ ತಂದಿವೆ. ಅಂದು ನಮ್ಮ ಕಣ್ಣು ಯಾವುದರ ಮೇಲೂ ನಿಲ್ಲಲಿಲ್ಲ. ಅಂಗಡಿಯಲ್ಲಿದ್ದವನು ನಮ್ಮನ್ನು ಗುರುತಿಸಿ ಎದ್ದುನಿಂತನು. ನಡೆದುದೆಲ್ಲವನ್ನೂ ಹೇಳಿ, "ತಪ್ಪು ನಮ್ಮದಪ್ಪಾ, ಕ್ಷಮಿಸು" ಎಂದೆವು.

ಅವನು ಬಹಳ ಹೊತ್ತು ಸುಮ್ಮನಿದ್ದನು. "ಮೇಷ್ಟ್ರೇ, ನಮ್ಮಪ್ಪ ಇದ್ದಾಗ ಬರಬೇಕಾಗಿತ್ತು. ನಾನು ಕಳ್ಳನೆಂದೇ ತಿಳಿದು ಅವರು ಹೋದರು. ಅಮ್ಮ ಗುಬ್ಬಿಯಲ್ಲಿದ್ದಾರೆ. ಅವರಿಗಾದರೂ ಹೇಳಿ" ಎಂದನು. ಕ್ಷಮಿಸಿದೆನೆಂದು ಹೇಳಲಿಲ್ಲ, ಕೇಳುವ ಧೈರ್ಯವೂ ನಮಗಾಗಲಿಲ್ಲ.

ತುಮಕೂರಿಗೆ ಹಿಂದಿರುಗಿ, ಅಲ್ಲಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ದೂರದ ಗುಬ್ಬಿಗೆ ಹೋದೆವು. ವೆಸ್ಲಿಯನ್ ಮಿಷನ್ನಿನವರು 1837ರಲ್ಲಿ ಕೆಲಸವನ್ನಾರಂಭಿಸಿದ ಊರಿದು. 1839ರಲ್ಲಿ ಇಂಡಿಯಕ್ಕೆ ಬಂದ ವಿಲಿಯಂ ಆರ್ಥರ್ ಎಂಬ ಇಪ್ಪತ್ತು ವರ್ಷದ ತರುಣರು ಇಲ್ಲಿ ನೆಲೆಸಿ ಕನ್ನಡ ಕಲಿತರು. ಕಣ್ಣಿನ ಬೇನೆಯಿಂದ 1841ರಲ್ಲಿ ಸ್ವದೇಶಕ್ಕೆ ಮರಳಬೇಕಾಯಿತು. ಮೈಸೂರು ಸೀಮೆಯ ತಮ್ಮ ಸೇವೆಯನ್ನು ಕುರಿತ ಅವರ ಗ್ರಂಥ 1847ರಲ್ಲಿ ಪ್ರಕಟವಾಯಿತು. ಕಡಲಾಚೆಯಿಂದ ಬಂದವರು ಜನರೊಡನೆ ಮಾತನಾಡಲೆಂದು ಹೊಸ ಭಾಷೆಯನ್ನೇ ಕಲಿತರು. ಕನ್ನಡದಲ್ಲಿಯೇ ಹುಟ್ಟಿ ಬೆಳೆದ ನಮಗೆ "ತಪ್ಪಾಯಿತು" ಎಂಬ ಒಂದು ಮಾತನ್ನಾಡಲು ಮೂವತ್ತು ವರ್ಷ ಹಿಡಿಯಿತು!

ಆ ತಾಯಿ ಜಗುಲಿಯ ಮೇಲೆ ಹುಣಿಸೆಹಣ್ಣು ಬಿಡಿಸುತ್ತಿದ್ದರು. ನಮ್ಮ ಮಾತನ್ನು ಪೂರ್ತಿಯಾಗಿ ಕೇಳಿ, ಸೆರಗಿನಿಂದ ಕಣ್ಣೊರಸಿಕೊಂಡರು. "ನನ್ನ ಮಗ ಕದಿಯಲಿಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು, ಸ್ವಾಮೀ. ಈ ಮಾತನ್ನು ಪಕ್ಕದ ಮನೆಯವರಿಗೂ ಒಂದು ಸಲ ಹೇಳಿಬಿಡಿ" ಎಂದರು. ಬೀದಿಯ ಜನರ ಮುಂದೆ ನಿಂತು ಹೇಳಿದೆವು. ಹೊಡೆದದ್ದು ಎಲ್ಲರೆದುರಿಗಾದ ಮೇಲೆ, ಒಪ್ಪಿಕೊಳ್ಳುವುದು ಮಾತ್ರ ಗುಟ್ಟಾಗಿ ಹೇಗಾದೀತು?

ಊರು ಸೇರುವ ವೇಳೆಗೆ ಹಬ್ಬವೂ ಹರಾಜೂ ಮುಗಿದಿದ್ದುವು. ಮುಂದಿನ ಭಾನುವಾರ ಬುಟ್ಟಿಯನ್ನು ಒಪ್ಪಿಸಿದೆವು.

ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಕ್ಕಳಿಗೆ, ಆಳುಕಾಳುಗಳಿಗೆ, ನೆರೆಯವರಿಗೆ ನಮ್ಮಿಂದ ಅನ್ಯಾಯವಾದರೆ ಅಂದಿನ ದೀಪ ಆರುವುದರೊಳಗೆ ಸರಿಪಡಿಸಿಕೊಳ್ಳೋಣ. ದೇವರು ಕಾದಾನು, ಆ ಹುಡುಗನ ತಂದೆಗೆ ಕಾಯುವಷ್ಟು ಆಯುಸ್ಸಿರಲಿಲ್ಲ.