ನಮ್ಮೂರು ಅಮರಗೋಳ

ಬೆಂಗಳೂರಲ್ಲಿ ಯಾರಾದ್ರೂ ಊರು ಕೇಳಿದರೆ ‘ಹುಬ್ಬಳ್ಳಿ’ ಅಂದುಬಿಡ್ತಿದ್ದೆ. ಅಮರಗೋಳ ಅಂದರೆ ‘ಅದೆಲ್ಲಿ?’ ಅಂತಾರಲ್ಲ! 1962ರಲ್ಲಿ ಹುಬ್ಬಳ್ಳಿ, ಧಾರವಾಡ ಸೇರಿ ಒಂದೇ ಮಹಾನಗರಪಾಲಿಕೆ ಆಯ್ತು. ಆಮೇಲೆ ನವನಗರ ಬೆಳೀತು. ನಡುವೆ ಸಿಕ್ಕ ನಮ್ಮೂರಿನ ಹೆಸರು ನನ್ನ ಬಾಯಲ್ಲೂ ಉಳೀಲಿಲ್ಲ.

ಮೊನ್ನೆ ಊರಿಗೆ ಹೋದಾಗ ಅಜ್ಜಿ ಜೊತೆ ಚಾಲುಕ್ಯರ ಕಾಲದ ಬನಶಂಕರಿ ಗುಡಿಗೆ ಹೋಗಿದ್ದೆ. ಈ ವಿಷಯ ಹೇಳಿದ್ದೇ ತಡ, ಅಜ್ಜಿ ಸಿಟ್ಟಾದಳು.

“ಬನಶಂಕರಿ ಊರು ಬಿಟ್ಟು ಹೋಗಿಲ್ಲ. ನಿನಗ್ಯಾಕೋ ತಮ್ಮಾ, ಹೆಸರು ಹೇಳಾಕ ನಾಚಿಕಿ?”

ವಾಪಸ್ಸು ಬರುವಾಗ ಬಸ್ಸಲ್ಲಿ ಪಕ್ಕದವರು ಊರು ಕೇಳಿದರು. ‘ಅಮರಗೋಳ’ ಅಂದೆ.

“ಓ, ಎಪಿಎಂಸಿ ಇರೋದು! ನಮ್ಮಪ್ಪ ಉಳ್ಳಾಗಡ್ಡಿ ಮಾರಾಕ ಅಲ್ಲಿಗೇ ತರ್ತಿದ್ರು!”

ನಾನು ಮುಚ್ಚಿಟ್ಟ ಹೆಸರು ಅವರಿಗೆ ಮೊದಲೇ ಗೊತ್ತಿತ್ತು. ನೀವೂ ಹೀಗೇ ಊರಿನ ಹೆಸರು ನುಂಗಿದ್ದೀರಾ?