ಕೀಠಮ್ ಕೆರೆಯ ಕರಡಿಗಳು

ದೆಹಲಿಯಿಂದ ಆಗ್ರಾದ ದಾರಿ ಹಿಡಿದವರೆಲ್ಲ ತಾಜಮಹಲು ನೋಡಿ ಬರುತ್ತಾರೆ. ಅದರ ಗುಮ್ಮಟವನ್ನೂ ಕಾಣದೆ ಹಿಂದಿರುಗಿದವರು ನಾವೇ ಇರಬೇಕು. ನಗುವವರು ನಗಲಿ!

ನಮ್ಮ ಸಂಘದ ನಾಲ್ವರು ಮಕ್ಕಳು ಶಾಲೆಗಾಗಿ ಹತ್ತು ನಿಮಿಷದ ವಿಡಿಯೋ ವರದಿಯೊಂದನ್ನು ತಯಾರಿಸಬೇಕಾಗಿತ್ತು. ಆಗ್ರಾ ಮುಟ್ಟುವ ಮುನ್ನವೇ, ಮಥುರಾ ರಸ್ತೆಯ ಪಕ್ಕದ ಕೀಠಮ್ ಕೆರೆಯ ಬಳಿ ಕರಡಿಗಳ ರಕ್ಷಣಾ ಕೇಂದ್ರವಿದೆ. ಮುಂಚೆಯೇ ಪತ್ರ ಬರೆದು ಅನುಮತಿ ಪಡೆದಿದ್ದೆವು. ಹಿರಿಯರೆಂದು ಜೊತೆಗೆ ಹೊರಟವರು ನಾವು ಗಂಡಹೆಂಡಿರು; ಒಬ್ಬರ ಕೈಯಲ್ಲಿ ಅವಲಕ್ಕಿಯ ಡಬ್ಬಿ, ಇನ್ನೊಬ್ಬರ ಹೆಗಲ ಮೇಲೆ ಕ್ಯಾಮೆರಾದ ಸ್ಟ್ಯಾಂಡು.

ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಅರಣ್ಯ ಇಲಾಖೆಯೊಡನೆ ಸೇರಿ ನಡೆಸುವ ಈ ಕೇಂದ್ರಕ್ಕೆ ಕುಣಿತದ ಕರಡಿಗಳು ಮೊದಲು ಬಂದದ್ದು 2002ರ ಡಿಸೆಂಬರಿನಲ್ಲಿ. ಮುಂದಿನ ಏಳು ವರ್ಷಗಳಲ್ಲಿ ದೇಶದ 600ಕ್ಕೂ ಹೆಚ್ಚು ಕರಡಿಗಳು ಖಲಂದರರ ಹಗ್ಗದಿಂದ ಬಿಡುಗಡೆಯಾದವು. ಕಡೆಯದು ನಮ್ಮ ಕರ್ನಾಟಕದ್ದೇ; 2009ರ ಡಿಸೆಂಬರಿನಲ್ಲಿ ಬನ್ನೇರುಘಟ್ಟ ಸೇರಿತು. ಕಾಯಿದೆಯೇನೋ 1972ರಿಂದಲೇ ಇತ್ತು!

ಒಳಗೆ ಮರಗಳು, ನೀರಿನ ಹೊಂಡಗಳು, ಅಟ್ಟಣಿಗೆಗಳು. ಚಿತ್ರ ತೆಗೆಯುವುದು ಮಾತ್ರ ಸುಲಭವಾಗಲಿಲ್ಲ. ಕ್ಯಾಮೆರಾಕ್ಕೆ ಕರಡಿಗಿಂತ ಬೇಲಿಯ ತಂತಿಯೇ ಮುದ್ದು. ಎಷ್ಟು ತಿರುಗಿಸಿದರೂ ತಂತಿ ಸ್ಪಷ್ಟ, ಕರಡಿ ಮಸಕು. ತೂತು ಕೊರೆದು ಜೇನು ಸವರಿದ ದಿಮ್ಮಿಗೆ ಮೂತಿಯಿಟ್ಟು ಒಂದು ಕರಡಿ ಸೊರಸೊರ ಹೀರುವುದನ್ನು ಹುಡುಗರು ಚೆನ್ನಾಗಿಯೇ ಹಿಡಿದರು. ಆಚೆ ಮತ್ತೊಂದು ಮುದಿ ಕರಡಿ ನಿಂತಲ್ಲೇ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. "ಕುಣೀತಿದೆ!" ಎಂದ ಕಿರಿಯವನು. ಕುಣಿತವಲ್ಲ, ಹಗ್ಗ ಹೋಗಿ ವರ್ಷಗಳಾದರೂ ಮೈಗೆ ಅಂಟಿದ್ದು ಬಿಟ್ಟಿರಲಿಲ್ಲ. ಅದನ್ನು ಮೂರು ನಿಮಿಷ ಚಿತ್ರಿಸಿದೆವು. ಯಾರೂ ಮಾತಾಡಲಿಲ್ಲ.

ಅಲ್ಲಿ ಕೆಲಸಕ್ಕಿರುವ ವೃದ್ಧರೊಬ್ಬರು ಹಿಂದೆ ತಾವೇ ಕರಡಿ ಕುಣಿಸುತ್ತಿದ್ದವರು. ನಮ್ಮ ಗುಂಪಿನ ಹುಡುಗಿ ಬರೆದುಕೊಂಡು ಬಂದಿದ್ದ ಪ್ರಶ್ನೆಯನ್ನು ಒಂದಿಷ್ಟೂ ಮೆತ್ತಗೆ ಮಾಡದೆ ಕೇಳಿಯೇಬಿಟ್ಟಳು: "ಚಾಚಾ, ಅಷ್ಟು ಹಿಂಸೆ ಯಾಕೆ ಕೊಟ್ಟಿರಿ?"

ಅವರು ಸಿಟ್ಟಾಗಲಿಲ್ಲ. "ನಮ್ಮಪ್ಪ ಕಾದ ಸೂಜಿಯಿಂದ ಮರಿಯ ಮೂತಿ ಚುಚ್ಚುವಾಗ ಅದನ್ನು ಒತ್ತಿ ಹಿಡಿದವನು ನಾನೇ, ಮಗಳೇ. ಅದರ ಕೂಗು ಇನ್ನೂ ಕಿವಿಯಲ್ಲಿದೆ. ಮನೆಯ ಒಲೆ ಉರಿಯುತ್ತಿದ್ದದ್ದೂ ಅದರಿಂದಲೇ." ಆಮೇಲೆ ನಮ್ಮ ಕಡೆ ತಿರುಗಿ, "ನಿಮ್ಮೂರಲ್ಲಿ ಯಾರೂ ಕಾಸು ಹಾಕುತ್ತಿರಲಿಲ್ಲವೆ, ಬಾಬೂಜಿ?" ಎಂದರು.

ಹಾಕುತ್ತಿದ್ದರು. ಹೊಸಪೇಟೆಯ ಓಣಿಯಲ್ಲಿ ಡಮರು ಸದ್ದಾದರೆ ಅಮ್ಮನೇ ನಮ್ಮನ್ನು ಎತ್ತಿಕೊಂಡು ಓಡುತ್ತಿದ್ದಳಂತೆ. ಜ್ವರದಲ್ಲಿ ಬೆಚ್ಚಿಬೀಳಬಾರದೆಂದು ಕರಡಿಯ ಕೂದಲಿನ ತಾಯಿತ ನಮ್ಮ ಕೊರಳಲ್ಲೂ ಇತ್ತು. ಹಾಗೆಂದು ಹೇಳಿದೆವು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿದ್ದುದನ್ನು ನೋಡಿದ್ದು ಆಮೇಲೆ.

"ಅಂಕಲ್, ತಾಯಿತದ ಮಾತು ಇರಲೋ, ತೆಗೆಯಲೋ?" ಎಂದು ಹಿಂತಿರುಗುವಾಗ ಹುಡುಗಿ ಕೇಳಿದಳು. ಅಮ್ಮ ನೊಂದುಕೊಂಡಾಳೆಂದು ನಾವು. ಚಾಚಾ ಒಬ್ಬರನ್ನೇ ಕಟಕಟೆಯಲ್ಲಿ ನಿಲ್ಲಿಸಿದಂತಾಗುತ್ತದೆಂದು ಮನೆಯವರು. ಪಲ್ವಲ್ ದಾಟುವವರೆಗೂ ಚರ್ಚೆ ನಡೆಯಿತು. ಮನೆಗೆ ಬಂದವರು ಊರಿಗೆ ಫೋನು ಮಾಡಿದೆವು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ ಬಿಡು. ಎರಡು ರೂಪಾಯಿ ಕೊಟ್ಟಿದ್ದೆ, ಅದನ್ನೂ ಹೇಳು" ಎಂದಳು.