ಮುಂಗಾಲಿಗೆ ಗೂಟವಿಲ್ಲ

ನಿಮ್ಮ ಮನೆಯ ನಾಯಿ ನಡೆಯುವಾಗ ಅದರ ಹೆಗಲ ಮೇಲೆ ಹಗುರವಾಗಿ ಕೈಯಿಟ್ಟು ನೋಡಿ. ಚರ್ಮದ ಕೆಳಗೆ ಎರಡು ಚಪ್ಪಟೆ ಎಲುಬುಗಳು ಒಂದಾದ ಮೇಲೊಂದು ಏಳುತ್ತ ಇಳಿಯುತ್ತ ಜಾರುವುದು ಗೊತ್ತಾಗುತ್ತದೆ. ಅವು ಹಾಗೆ ಜಾರಲು ಕಾರಣವಿದೆ. ನಾಯಿಯ ಮುಂಗಾಲು ಅದರ ಮೈಯೊಳಗಿನ ಯಾವ ಎಲುಬಿಗೂ ಕೂಡಿಕೊಂಡಿಲ್ಲ. ಹಿಂಗಾಲಿನ ತೊಡೆಯೆಲುಬಿನ ಗುಂಡು ಸೊಂಟದ ಎಲುಬಿನ ಗುಳಿಯಲ್ಲಿ ಕೂತಿರುತ್ತದೆ, ಆ ಸೊಂಟದೆಲುಬು ಬೆನ್ನೆಲುಬಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಮುಂಗಾಲಿಗೆ ಅಂಥ ಆಸರೆಯಿಲ್ಲ. ಅದನ್ನು ಹಿಡಿದಿಟ್ಟಿರುವುದು ಬರೀ ಮಾಂಸ.

ನಾನು ಪಶುವೈದ್ಯಕೀಯ ಅಂಗರಚನಾಶಾಸ್ತ್ರದಲ್ಲಿ ಪಿಎಚ್‌.ಡಿ ಮಾಡುತ್ತಿದ್ದೇನೆ. ಮೊದಲ ವರ್ಷದ ಹುಡುಗ ಹುಡುಗಿಯರಿಗೆ ಪ್ರಾಕ್ಟಿಕಲ್ ತರಗತಿಯಲ್ಲಿ ಸಹಾಯ ಮಾಡುವುದೂ ನನ್ನ ಕೆಲಸ. ನಮ್ಮ ಕಾಲೇಜುಗಳಲ್ಲಿ ಅಂಗರಚನೆ ಕಲಿಯುವುದು ದನ ಅಥವಾ ಎಮ್ಮೆಯಿಂದ. ಅದೇ ಮಾದರಿ ಪ್ರಾಣಿ. ನಾಯಿ, ಕುದುರೆ, ಹಂದಿ, ಕೋಳಿಗಳೆಲ್ಲ ಆಮೇಲೆ ಹೋಲಿಕೆಗೆ ಬರುತ್ತವೆ. ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಿಂದ ಹೋದ ನನಗೆ ಇದರಿಂದ ಅನುಕೂಲವೇ ಆಯಿತು. ದೀಪಾವಳಿ ಬಂತೆಂದರೆ ಹೋರಿ ಬೆದರಿಸುವ ಹಬ್ಬಕ್ಕೆ ಕಾಯುವ ಸೀಮೆ ನಮ್ಮದು. ಹೋರಿಯ ಎದೆ ಎಷ್ಟು ಅಗಲ, ಹೆಗಲು ಹೇಗೆ ತುಂಬಿದೆ, ಮುಂಗಾಲು ಹೇಗೆ ಬೀಸುತ್ತದೆ ಎಂಬುದನ್ನು ಓದು ಬಾರದವರೂ ಗಂಟೆಗಟ್ಟಲೆ ಮಾತಾಡುತ್ತಾರೆ. ಆದರೆ ಅದೇ ಅಂಗಳದಲ್ಲಿ ಮಲಗಿದ ನಾಯಿಯ ಹೆಗಲನ್ನು ಯಾರೂ ನೋಡುವುದಿಲ್ಲ.

ನೋಡಿದರೆ ಮೊದಲು ತಪ್ಪುವುದು ಹೆಸರುಗಳು. ನಾಯಿಯ ಮುಂಗಾಲು ನಡುವೆ ಮಡಚುವ ಜಾಗವನ್ನು ನಾವೆಲ್ಲ ಮೊಣಕಾಲು ಅನ್ನುತ್ತೇವೆ. ಅದು ಮಣಿಕಟ್ಟು. ಅಲ್ಲಿ ಏಳು ಪುಟ್ಟ ಎಲುಬುಗಳಿವೆ. ಮೊಣಕೈ ಇರುವುದು ಇನ್ನೂ ಮೇಲೆ, ಎದೆಗೆ ಅಂಟಿಕೊಂಡಂತೆ. ಅಂದರೆ ನಾಯಿ ನಿಂತಿರುವುದು ಅಂಗೈಯ ಮೇಲೂ ಅಲ್ಲ, ಬೆರಳುಗಳ ಮೇಲೆ. ಒಳಬದಿಯಲ್ಲಿ ನೆಲಕ್ಕೆ ತಾಗದೆ ಇರುವ ಆ ಚಿಕ್ಕ ಉಗುರು ಅದರ ಹೆಬ್ಬೆರಳು. ಹಾಗೆ ಬೆರಳ ಮೇಲೆ ನಿಂತೇ ನಾಯಿ ತನ್ನ ಮೈಭಾರದಲ್ಲಿ ಸುಮಾರು ಶೇ 60ರಷ್ಟನ್ನು ಮುಂಗಾಲುಗಳ ಮೇಲೆ ಹೊರುತ್ತದೆ. ತಲೆ, ಕುತ್ತಿಗೆ, ಎದೆ ಎಲ್ಲ ಮುಂದೇ ಇವೆಯಲ್ಲ.

ಇಷ್ಟು ಭಾರವನ್ನು ಎಲುಬಿನ ಕೀಲಿಲ್ಲದೆ ಹೊರುವುದು ಹೇಗೆ? ಪಕ್ಕೆಲುಬುಗಳಿಂದಲೂ ಕುತ್ತಿಗೆಯಿಂದಲೂ ಬೀಸಣಿಗೆಯ ಹಾಗೆ ಹೊರಟು ಹೆಗಲೆಲುಬಿನ ಒಳಮೈಗೆ ಸೇರುವ ಒಂದು ಸ್ನಾಯುವಿದೆ. ಅಂಚು ಗರಗಸದ ಹಲ್ಲಿನಂತಿರುವುದರಿಂದ ಅದಕ್ಕೆ ಸೆರೇಟಸ್ ಎಂದು ಹೆಸರು. ಎರಡೂ ಬದಿಯ ಈ ಸ್ನಾಯುಗಳು ಸೇರಿ ಎದೆಯನ್ನು ಎರಡು ಹೆಗಲೆಲುಬುಗಳ ನಡುವೆ ತೂಗುಬಿಡುತ್ತವೆ. ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತೇವಲ್ಲ, ಹಾಗೆ. ಉಳಿದ ಸ್ನಾಯುಗಳು ಬೆನ್ನು, ಕತ್ತು, ಎದೆಗಳಿಂದ ಬಂದು ಕಾಲನ್ನು ಎಲ್ಲ ದಿಕ್ಕಿನಿಂದ ಬಿಗಿಹಿಡಿಯುತ್ತವೆ.

ನಮಗಾದರೆ ಎದೆಯ ನಡುವಿನಿಂದ ಹೆಗಲಿನವರೆಗೆ ಕೊರಳೆಲುಬು ಅಡ್ಡಗೋಲಾಗಿ ನಿಂತಿದೆ. ಓಡಿ ಬೇಟೆಯಾಡುವ ನಾಯಿಗೆ ಅಂಥ ಅಡ್ಡಗೋಲು ಭಾರವೇ. ಅದರಲ್ಲಿ ಆ ಎಲುಬು ಸ್ನಾಯುವಿನ ನಡುವೆ ಒಂದು ಚೂರಾಗಿ, ಇದ್ದೂ ಇಲ್ಲದಂತಾಗಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಓಡುವುದನ್ನು ನೋಡಿದವರಿಗೆ ಇದರ ಲಾಭ ಗೊತ್ತು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ತಳಿ ಅದು. ಓಡುವಾಗ ಅದರ ಹೆಗಲೆಲುಬೂ ಕಾಲಿನ ಜೊತೆ ಮುಂದಕ್ಕೂ ಹಿಂದಕ್ಕೂ ಬೀಸುತ್ತದೆ, ಒಂದೊಂದು ದಾಪೂ ಅಷ್ಟಷ್ಟು ಉದ್ದವಾಗುತ್ತದೆ.

ಬೆಕ್ಕಿನದು ಸ್ವಲ್ಪ ಬೇರೆ ಕಥೆ. ಅದರ ಕೊರಳೆಲುಬು ಬಾಗಿದ ಸೂಜಿಯಂತೆ ತೆಳ್ಳಗೆ ಉಳಿದುಕೊಂಡಿದೆ. ಆದರೆ ಎರಡು ತುದಿಯೂ ಯಾವ ಎಲುಬಿಗೂ ತಾಗುವುದಿಲ್ಲ. ಎಕ್ಸ್‌ರೇಯಲ್ಲಿ ಅದನ್ನು ಮೊದಲ ಸಲ ಕಂಡ ವಿದ್ಯಾರ್ಥಿಗಳು ಬೆಕ್ಕಿನ ಗಂಟಲಲ್ಲಿ ಮುಳ್ಳು ಸಿಕ್ಕಿದೆ ಅಂದುಕೊಳ್ಳುವುದುಂಟು. ತಲೆ ಹಿಡಿಸಿದ ಸಂದಿಯಲ್ಲಿ ಬೆಕ್ಕು ಮೈಯನ್ನೂ ತೂರಿಸಿಕೊಂಡು ಹೋಗುವುದು ಹೆಗಲು ಹೀಗೆ ಸಡಿಲವಾಗಿರುವುದರಿಂದಲೇ. ಮುಂಗೈಯ ಎರಡು ಎಲುಬುಗಳನ್ನು ಒಂದರ ಮೇಲೊಂದು ತಿರುಗಿಸಿ ಪಂಜವನ್ನು ಮೇಲ್ಮುಖ ಮಾಡುವುದೂ ನಾಯಿಗಿಂತ ಬೆಕ್ಕಿಗೇ ಚೆನ್ನಾಗಿ ಬರುತ್ತದೆ. ಮರ ಹತ್ತುವ, ಇಲಿ ಹಿಡಿಯುವ, ಮುಖ ತೊಳೆಯುವ ಆ ಕಾಲು ಇನ್ನೂ ಅರ್ಧ ಕೈ. ರಟ್ಟೆಯ ಎಲುಬನ್ನು ಕೈಯಲ್ಲಿ ಹಿಡಿದರೆ ಎರಡನ್ನೂ ಬೇರೆ ಮಾಡುವುದು ಸುಲಭ. ಬೆಕ್ಕಿನದರಲ್ಲಿ ಮೊಣಕೈ ಹತ್ತಿರ ಒಳಬದಿಗೆ ಒಂದು ಸೀಳುತೂತು, ಅದರೊಳಗೆ ಒಂದು ನರವೂ ರಕ್ತನಾಳವೂ ಹಾಯುತ್ತವೆ. ನಾಯಿಯದರಲ್ಲಿ ತೂತು ನಟ್ಟನಡುವೆ, ಅದರೊಳಗೆ ಏನೂ ಹಾಯುವುದಿಲ್ಲ. ವೈವಾದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ.

ಆದರೆ ಗೂಟವಿಲ್ಲದ ಈ ಸ್ವಾತಂತ್ರ್ಯಕ್ಕೆ ಒಂದು ಬೆಲೆಯಿದೆ. ಅದು ನನಗೆ ಪುಸ್ತಕದಿಂದಾಚೆ ಅರ್ಥವಾದದ್ದು ನಮ್ಮ ಕಾಕಾನ ನಾಯಿ ಕರಿಯನಿಂದ.

ಹೋದ ವರ್ಷ ಗೋವಿನಜೋಳ ಒಕ್ಕುವ ಹೊತ್ತಿನಲ್ಲಿ ಬೈಕೊಂದು ಅದಕ್ಕೆ ಬಡಿದು ಎಳೆದುಕೊಂಡು ಹೋಗಿತ್ತು. ನಾನು ಊರಿಗೆ ಹೋದಾಗ ಎಡ ಮುಂಗಾಲಿಗೆ ಬಿದಿರಿನ ದಬ್ಬೆ ಕಟ್ಟಿದ್ದರು. ದಬ್ಬೆ ಬಿಚ್ಚಿ ಎಲುಬುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಎಲ್ಲ ಗಟ್ಟಿಯಾಗಿದ್ದವು. ಆದರೆ ಮೊಣಕೈ ಕುಸಿದಿತ್ತು, ಪಂಜ ಹಿಂದುಮುಂದಾಗಿ ಅದರ ಮೇಲ್ಮೈ ನೆಲಕ್ಕೆ ಉಜ್ಜುತ್ತಿತ್ತು. ಬೆರಳುಗಳನ್ನು ಜೋರಾಗಿ ಚಿವುಟಿದರೂ ಕರಿಯ ತಿರುಗಿ ನೋಡಲಿಲ್ಲ.

"ಎಲುಬು ಮುರದಿಲ್ಲ ಅಂದ್ರ ಕಾಲ್ಯಾಕ ಎಳೀತೈತವ್ವಾ?" ಎಂದ ಕಾಕಾ.

ಕುತ್ತಿಗೆಯ ಕೊನೆಯ ಮೂರು ಮತ್ತು ಎದೆಯ ಮೊದಲ ಎರಡು ನರಗಳು ಕಂಕುಳಲ್ಲಿ ಹೆಣೆದುಕೊಂಡು ಮುಂಗಾಲಿಗೆ ಇಳಿಯುತ್ತವೆ. ಕಾಲನ್ನು ಯಾರಾದರೂ ಮೈಯಿಂದ ಆಚೆಗೆ ಜಗ್ಗಿದರೆ ತಡೆಯಲು ಅಡ್ಡಗೋಲಿಲ್ಲ. ಸ್ನಾಯು ಹಿಗ್ಗುತ್ತದೆ, ನರ ಅಷ್ಟು ಹಿಗ್ಗದೆ ಬೆನ್ನುಹುರಿಯ ಬುಡದಲ್ಲೇ ಕಿತ್ತುಬರುತ್ತದೆ. ನಾನು ಕರಿಯನ ಮುಖ ಎತ್ತಿ ಕಣ್ಣು ನೋಡಿದೆ. ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ಚಿಕ್ಕದಾಗಿತ್ತು. ಕಣ್ಣಿನ ಪಾಪೆಯನ್ನು ಅರಳಿಸುವ ನರದ ಎಳೆಗಳು ಬೆನ್ನುಹುರಿಯಿಂದ ಹೊರಬರುವುದು ಅದೇ ಎದೆಯ ಮೊದಲ ನರಗಳ ಬುಡದಲ್ಲಿ. ಬೆನ್ನಿನ ಚರ್ಮ ಚಿವುಟಿದಾಗ ಬಲಬದಿ ಮಾತ್ರ ಅದುರಿತು. ಎಡಬದಿ ಅದುರಲಿಲ್ಲ. ನರ ಕಿತ್ತಿರುವುದು ಬುಡದಲ್ಲೇ ಎಂದು ಎರಡೂ ಗುರುತುಗಳು ಹೇಳುತ್ತಿದ್ದವು. ನರ ಬರೀ ಜಜ್ಜಿದ್ದರೆ ವಾರಗಳಲ್ಲೋ ತಿಂಗಳುಗಳಲ್ಲೋ ಚೇತರಿಸಿಕೊಳ್ಳಬಹುದು. ಹೀಗೆ ಕಿತ್ತದ್ದು ಚಿಗುರುವ ಆಸೆ ತೀರಾ ಕಡಿಮೆ.

ಇದನ್ನು ಕಾಕಾನಿಗೆ ಹೇಳುವುದು ಥೀಸಿಸ್ ಬರೆಯುವುದಕ್ಕಿಂತ ಕಷ್ಟವಾಯಿತು. "ಮೂರು ಕಾಲಿನ ನಾಯಿ ಊರಾಗ ಹೆಂಗ ಬದುಕ್ತೈತಿ? ಉಳದ ನಾಯಿಗೋಳು ಬಿಟ್ಟಾವೇನು?" ಎಂದ. ಒಂದಷ್ಟು ದಿನ ಕಾದು ನೋಡೋಣವೆಂದು ಪಂಜಕ್ಕೆ ದಿನಾ ಬಟ್ಟೆ ಸುತ್ತಿದರು. ಅರಿವಿಲ್ಲದ ಆ ಪಂಜವನ್ನು ಕರಿಯ ತಾನೇ ಕಚ್ಚಿ ಗಾಯ ಮಾಡಿಕೊಳ್ಳತೊಡಗಿದ ಮೇಲೆ ಕಾಕಾನೇ ಫೋನ್ ಮಾಡಿದ. "ತಗಸೇ ಬಿಡೋಣವ್ವಾ."

ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ನಾನು ಟೇಬಲ್ ಪಕ್ಕದಲ್ಲಿದ್ದೆ. ಹೆಗಲೆಲುಬಿನ ಸಮೇತ ಕಾಲನ್ನು ತೆಗೆಯಲು ಗರಗಸವೇ ಬೇಕಾಗಲಿಲ್ಲ. ವೈದ್ಯರು ಒಂದೊಂದೇ ಸ್ನಾಯುವನ್ನು ಬಿಡಿಸಿದರು, ರಕ್ತನಾಳಗಳನ್ನು ಕಟ್ಟಿದರು, ನರಗಳನ್ನು ಕತ್ತರಿಸಿದರು. ಕೊನೆಗೆ ಸೆರೇಟಸ್ ಬಿಟ್ಟುಕೊಂಡಿತು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಹೆಸರುಗಳೆಲ್ಲ ಅದೇ ಸಾಲಿನಲ್ಲಿ ಬಂದು ಹೋದವು. ಯಾವ ಕಾರಣಕ್ಕೆ ಆ ಕಾಲು ಅಷ್ಟು ಸುಲಭವಾಗಿ ಕೆಟ್ಟಿತೋ ಅದೇ ಕಾರಣಕ್ಕೆ ಅಷ್ಟು ಸುಸೂತ್ರವಾಗಿ ಕಳಚಿ ಬಂತು.

ಕರಿಯ ಈಗ ಮೂರು ಕಾಲಲ್ಲಿ ಹೊಲಕ್ಕೆ ಹೋಗುತ್ತದೆ. ಉಳಿದ ಒಂದು ಮುಂಗಾಲನ್ನು ಎದೆಯ ನಡುವಿಗೆ ತಂದು ಊರುವುದನ್ನು ಅದೇ ಕಲಿತುಕೊಂಡಿದೆ. ಕೇಳಿದವರಿಗೆ ಕಾಕಾ ವಿವರಿಸುತ್ತಾನೆ, "ಮುಂಗಾಲಿಗೆ ಗೂಟ ಇರಂಗಿಲ್ಲೋ, ಬರೀ ಬಿಗಿ. ಎತ್ತಿಗೂ ಹಂಗ ಐತಿ, ನೊಗ ಹೊತ್ತಾಗ ಹೆಗಲು ನೋಡು."

ಇಷ್ಟೊಂದು ಸ್ನಾಯುಗಳ ಹೆಸರು ಯಾಕೆ ಕಲಿಯಬೇಕು ಮೇಡಂ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಈ ವರ್ಷ ಎಲುಬುಗಳ ಪೆಟ್ಟಿಗೆ ತೆರೆಯುವ ಮುಂಚೆ ಕಾಕಾನ ಆ ಮಾತನ್ನು ಬೋರ್ಡಿನ ಮೇಲೆ ಬರೆದೆ. ಲ್ಯಾಟಿನ್ ಹೆಸರುಗಳನ್ನು ಅದರ ಕೆಳಗೆ ಬರೆಯುತ್ತ ಹೋದೆವು.